ಚಾರ್ಜ್ ಯಾರಿಗೆ ಕೊಡಲಿ? ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ವಿಜ್ಞಾನ ಓದಿದ ಹುಡುಗ ಹುಡುಗಿಯರನ್ನು ವಿಜ್ಞಾನದ ಕೆಲಸಕ್ಕೇ ಸರ್ಕಾರಿ ಸೇವೆಗೆ ತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ: ಇಲ್ಲ. ಈ ವಿಷಯದ ಫೈಲ್ ಇನ್ನೂ ಹುಟ್ಟಿದ ಹಾಗಿಲ್ಲ.

ಮಾನ್ಯರೇ,

ಬಯಲುಸೀಮೆಯ ಒಂದು ಜಿಲ್ಲೆಯಲ್ಲಿ, ಕುಡಿಯುವ ನೀರು ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬಿನಲ್ಲಿ ನಾನು 31 ವರ್ಷ ಕೆಮಿಸ್ಟ್ ಆಗಿದ್ದೆ. ನಿವೃತ್ತಿಯ ದಿನ ಮಧ್ಯಾಹ್ನ ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸಂಜೆ ಚಾರ್ಜ್ ಕೊಡಬೇಕಿತ್ತು. ಯಾರಿಗೆ ಕೊಡುವುದು? ನನ್ನ ಜಾಗಕ್ಕೆ ಇನ್ನೊಬ್ಬ ಕೆಮಿಸ್ಟ್ ಬಂದಿರಲಿಲ್ಲ. ಬರುವ ಸೂಚನೆಯೂ ಇರಲಿಲ್ಲ. ಕೊನೆಗೆ ಪಕ್ಕದ ಸೆಕ್ಷನ್‌ನ ಜೂನಿಯರ್ ಎಂಜಿನಿಯರ್ ಒಬ್ಬನಿಗೆ ಹೆಚ್ಚುವರಿ ಪ್ರಭಾರ ಅಂತ ಆದೇಶವಾಯಿತು. ಪಾಪ, ಅವನ ತಲೆ ಮೇಲೆ ಆಗಲೇ ಎರಡು ಪ್ರಭಾರ ಇದ್ದವು. ಒಳ್ಳೆಯ ಹುಡುಗ, ಸಿವಿಲ್ ಓದಿದವನು. ಬಾಗಿಲಲ್ಲೇ ನಿಂತು, "ಸಾರ್, ಈ ಗಾಜಿನ ಸಾಮಾನೆಲ್ಲ ಎಣಿಸಲೇಬೇಕಾ?" ಅಂದ. ಎಣಿಸಿದೆವು. ಬ್ಯುರೆಟ್ 14, ಅದರಲ್ಲಿ ಮೂತಿ ಒಡೆದದ್ದು 3. ಪಿಪೆಟ್ ಇಷ್ಟು, ಬೀಕರ್ ಇಷ್ಟು, ಕುರ್ಚಿ 6. ಇಬ್ಬರೂ ಸಿಟಿಸಿಗೆ, ಅಂದರೆ ಚಾರ್ಜ್ ಹಸ್ತಾಂತರದ ಪತ್ರಕ್ಕೆ, ಸಹಿ ಹಾಕಿದೆವು.

ಆ ಪಟ್ಟಿಯಲ್ಲಿ ಕಾಲಂ ಇಲ್ಲದ ಸಾಮಾನು ಬೇರೆ ಇತ್ತು. ಯಾವ ಊರಿನ ಬೋರ್‌ವೆಲ್‌ನಲ್ಲಿ ಏಪ್ರಿಲ್ ಬಂತೆಂದರೆ ಫ್ಲೋರೈಡ್ ಏರುತ್ತದೆ, ಯಾವುದು ಮಳೆ ಬಿದ್ದ ತಿಂಗಳಿಗೇ ಇಳಿಯುತ್ತದೆ. ಯಾವ ಪಂಚಾಯಿತಿಯಿಂದ ಬಂದ ಬಾಟಲಿಯನ್ನು ನಂಬಬಾರದು. (ಐದು ಊರಿನ ನೀರು ಅಂತ ಒಂದೇ ನಲ್ಲಿಯಲ್ಲಿ ಐದು ಬಾಟಲಿ ತುಂಬಿಸಿ ಕಳಿಸುತ್ತಿದ್ದರು. ಐದೂ ರಿಪೋರ್ಟು ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಬಂದಾಗ ಗೊತ್ತಾಯಿತು.) ಇದನ್ನೆಲ್ಲ ಆ ಹುಡುಗನಿಗೆ ಒಂದು ಸಂಜೆಯಲ್ಲಿ ಹೇಗೆ ಒಪ್ಪಿಸಲಿ? ಒಪ್ಪಿಸಲಿಲ್ಲ. ಮನೆಗೆ ಬಂದೆ.

ಅದಕ್ಕೇ ಈ ಪತ್ರ.

ಯುವ ವಿಜ್ಞಾನಿಗಳು ಸರ್ಕಾರಿ ಸೇವೆಗೆ ಬರುತ್ತಿಲ್ಲ, ಅವರಿಗೆ ಕಂಪನಿ ಬೇಕು, ಅಮೆರಿಕ ಬೇಕು ಅಂತ ಸಭೆಗಳಲ್ಲಿ ದೊಡ್ಡವರು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಸಾರ್, ಒಮ್ಮೆ ಧಾರವಾಡದ ಕೋಚಿಂಗ್ ಸೆಂಟರುಗಳ ಬೀದಿಯಲ್ಲಿ ನಡೆದು ಬನ್ನಿ. ಬೇಡ, ಬೆಂಗಳೂರಿನ ವಿಜಯನಗರವೇ ಸಾಕು, ನಿಮಗೆ ಹತ್ತಿರ. ಒಂದು ರೂಮಿನಲ್ಲಿ ನಾಲ್ಕು ಜನ ಮಲಗಿ, ಬೆಳಗ್ಗೆ ಐದಕ್ಕೆ ಎದ್ದು ಓದುವ ಹುಡುಗರನ್ನು ಮಾತಾಡಿಸಿ. ಎಂಎಸ್ಸಿ ಕೆಮಿಸ್ಟ್ರಿ, ಎಂಎಸ್ಸಿ ಜಿಯಾಲಜಿ, ಎಂಎಸ್ಸಿ ಮೈಕ್ರೋಬಯಾಲಜಿ ಬೇಕಾದಷ್ಟು ಸಿಗುತ್ತಾರೆ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ ಲಕ್ಷಗಟ್ಟಲೆ ಜನ ಹಾಕಿದರು. ಪಿಯುಸಿ ಆಗಿದ್ದರೆ ಸಾಕಾಗುವ ಹುದ್ದೆ ಅದು. ನನಗೆ ಗೊತ್ತಿರುವ ಇಬ್ಬರು ಎಂಎಸ್ಸಿ ಮಾಡಿದವರು ಅದನ್ನು ಬರೆದರು. ಒಬ್ಬನಂತೂ ಭೂವಿಜ್ಞಾನದಲ್ಲಿ ರ‍್ಯಾಂಕ್ ಬಂದವನು.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ವಿಜ್ಞಾನ ಓದಿದವರು ಸರ್ಕಾರಕ್ಕೆ ಬರುತ್ತಲೇ ಇದ್ದಾರೆ. ಬರುವಾಗ ವಿಜ್ಞಾನವನ್ನು ಬಾಗಿಲ ಹೊರಗೆ, ಚಪ್ಪಲಿ ಜೊತೆ ಬಿಟ್ಟು ಬರುತ್ತಾರೆ. ಯಾಕೆಂದರೆ ಪಹಣಿ ನೋಡುವ ಕೆಲಸಕ್ಕೆ ನೋಟಿಫಿಕೇಶನ್ ಆಗುತ್ತದೆ. ನೀರು ನೋಡುವ ಕೆಲಸಕ್ಕೆ ಆಗುವುದಿಲ್ಲ. ಒಂದು ವೇಳೆ ಆದರೂ ಅದು ಹೊರಗುತ್ತಿಗೆ.

ನೀರು ನೋಡುವ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಬಯಲುಸೀಮೆಯ ನೆಲದಡಿ ಇರುವುದು ಗ್ರಾನೈಟು, ನೈಸು. ಆ ಬಂಡೆಯ ಖನಿಜಗಳಲ್ಲೇ ಫ್ಲೋರೈಡ್ ಇದೆ. ಕಲ್ಲಿನ ಸಂದಿಯಲ್ಲಿ ನೀರು ಎಷ್ಟು ಕಾಲ ಕೂತಿರುತ್ತದೋ ಅಷ್ಟು ಫ್ಲೋರೈಡ್ ಅದಕ್ಕೆ ಇಳಿಯುತ್ತದೆ. ಕೆರೆ ನೀರು, ಸೇದುವ ಬಾವಿಯ ನೀರು ಕುಡಿಯುತ್ತಿದ್ದ ಕಾಲದಲ್ಲಿ ಈ ಕಾಟ ಇಷ್ಟಿರಲಿಲ್ಲ. ಬೋರು ಆಳಕ್ಕೆ ಹೋದ ಹಾಗೆಲ್ಲ ಹಳೆಯ ನೀರು ಮೇಲೆ ಬಂತು, ಅದರ ಜೊತೆ ಇದೂ ಬಂತು. ಲೀಟರಿಗೆ 1 ಮಿಲಿಗ್ರಾಂ ತನಕ ಪರವಾಗಿಲ್ಲ. ಬೇರೆ ನೀರೇ ಇಲ್ಲ ಅನ್ನುವ ಕಡೆ 1.5 ತನಕ ಒಪ್ಪಬಹುದು. ಅದರ ಮೇಲೆ ಹೋದರೆ ಮೊದಲು ಮಕ್ಕಳ ಹಲ್ಲು, ಇನ್ನೂ ಜಾಸ್ತಿ ಆದರೆ ದೊಡ್ಡವರ ಬೆನ್ನು, ಮಂಡಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಸೇವೆಗೆ ಸೇರಿದ ಹೊಸದರಲ್ಲಿ ಒಂದು ಊರಿನ ಬೋರಿನಲ್ಲಿ 3.8 ಬಂತು. ಸಂಖ್ಯೆ ನೋಡಿದರೆ ಏನೂ ಅನ್ನಿಸಲಿಲ್ಲ. ಆ ಊರಿನ ಶಾಲೆಗೆ ಹೋದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಎಲ್ಲಿ, ನಗ್ರೋ ನೋಡೋಣ" ಅಂದೆ. ಒಬ್ಬರೂ ನಗಲಿಲ್ಲ. ಎಲ್ಲರ ಕೈ ಬಾಯಿಗೆ ಹೋಯಿತು. ಆಮೇಲೆ ಆ ಬೋರಿನ ಮೇಲೆ ಕೆಂಪು ಬಣ್ಣದಲ್ಲಿ "ಈ ನೀರು ಕುಡಿಯಲು ಯೋಗ್ಯವಲ್ಲ" ಅಂತ ಬರೆಸಿದೆವು. ಜನ ಕುಡಿಯುತ್ತಲೇ ಇದ್ದರು, ಇನ್ನೇನು ಮಾಡುತ್ತಾರೆ? ಬಹಳ ವರ್ಷ ಓಡಾಡಿ, ರಿಪೋರ್ಟಿನ ಮೇಲೆ ರಿಪೋರ್ಟು ಕಳಿಸಿ, ಆ ಊರು ಬಹುಗ್ರಾಮ ಯೋಜನೆಗೆ ಸೇರಿತು. ನದಿ ನೀರು ಬಂತು. ನೀರು ಬಂದು ಎಂಟು ವರ್ಷದ ಮೇಲೆ ಮತ್ತೆ ಅದೇ ಶಾಲೆಗೆ ಹೋದೆ. 7ನೇ ಕ್ಲಾಸಿನ ಅಕ್ಕನ ಹಲ್ಲಿನ ಮೇಲೆ ಕಂದು ಪಟ್ಟಿ. 2ನೇ ಕ್ಲಾಸಿನ ತಮ್ಮನ ಹೊಸ ಹಲ್ಲು ಅಕ್ಕಿಯ ಹಾಗೆ ಬೆಳ್ಳಗೆ. ಒಂದೇ ಮನೆ, ಒಂದೇ ಅಡುಗೆ.

ಯಾವ ಕಂಪನಿಯಲ್ಲಿ ಕೂತರೆ ಇದು ಕಣ್ಣಿಗೆ ಬೀಳುತ್ತದೆ, ಹೇಳಿ? ಈ ಕೆಲಸದ ರುಚಿ ಹತ್ತಿದವರು ಬಿಟ್ಟು ಹೋಗುವುದಿಲ್ಲ. ಆದರೆ ರುಚಿ ಹತ್ತುವ ತನಕ ಅವರು ಇರಬೇಕಲ್ಲ.

ನಮ್ಮ ಲ್ಯಾಬಿಗೆ ಒಬ್ಬ ಹುಡುಗಿ ಬಂದಿದ್ದಳು. ಎಂಎಸ್ಸಿ ಮುಗಿಸಿದ್ದಳು, ಏಜೆನ್ಸಿ ಮೂಲಕ ಹೊರಗುತ್ತಿಗೆ. ಸಿಎಸ್‌ಐಆರ್ ಪರೀಕ್ಷೆ ಪಾಸಾದ ಅವಳ ಗೆಳತಿಗೆ ಜೆಆರ್‌ಎಫ್ ಅಂತ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ ಬರುತ್ತಿತ್ತು. ಇವಳ ಕೈಗೆ ಅದರ ಅರ್ಧವೂ ಬರುತ್ತಿರಲಿಲ್ಲ, ಅದೂ ಮೂರು ತಿಂಗಳಿಗೊಮ್ಮೆ. ಆದರೂ ಹುಡುಗಿ ಚುರುಕು. ಹಳೆಯ ರಿಜಿಸ್ಟರುಗಳನ್ನೆಲ್ಲ ತೆಗೆದು ಧೂಳು ಕೊಡವಿ, ಹನ್ನೆರಡು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದಳು. ಯಾರೂ ಹೇಳಿರಲಿಲ್ಲ. ತಾಲ್ಲೂಕಿನ ನಕ್ಷೆಯ ಮೇಲೆ ಚುಕ್ಕಿ ಇಟ್ಟಳು. ಆಗ ಕಂಡಿತು: ಕೆರೆ ತುಂಬಿದ ವರ್ಷ, ಕೆರೆಯ ಕೆಳಗಿನ ಸಾಲು ಊರುಗಳಲ್ಲಿ ಫ್ಲೋರೈಡ್ ಇಳಿದಿದೆ. ನಾನು ಅಷ್ಟು ವರ್ಷ ಒಂದೊಂದೇ ಬಾಟಲಿ ನೋಡಿದ್ದೆ. ಅವಳು ತಾಲ್ಲೂಕು ನೋಡಿದಳು. ಮಾರ್ಚ್ 31ಕ್ಕೆ ಏಜೆನ್ಸಿಯ ಟೆಂಡರ್ ಮುಗಿಯಿತು. ಹೊಸ ಏಜೆನ್ಸಿ ಹೊಸಬರನ್ನು ತಂದಿತು. ಅವಳು ಈಗ ಬೆಂಗಳೂರಿನ ಒಂದು ಔಷಧಿ ಕಂಪನಿಯಲ್ಲಿ ಮಾತ್ರೆ ಪರೀಕ್ಷೆ ಮಾಡುತ್ತಾಳೆ. ಹೋಗುವ ದಿನ ನಾನು, "ಏನಮ್ಮ, ಬಿಟ್ಟು ಹೋಗ್ತೀಯಾ?" ಅಂದೆ. "ನಾನೆಲ್ಲಿ ಬಿಟ್ಟೆ ಸಾರ್" ಅಂದಳು. ಆ ನಕ್ಷೆ ಲ್ಯಾಬಿನ ಗೋಡೆಯ ಮೇಲೆ ಬಹಳ ದಿನ ಇತ್ತು. ಸುಣ್ಣ ಬಳಿಯುವಾಗ ತೆಗೆದರು.

ಇನ್ನೊಂದು ಕಥೆ ಚಿಕ್ಕದು. ಲ್ಯಾಬಿಗೆ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ಬಂತು. ಆರ್ಸೆನಿಕ್, ಸೀಸದಂಥ ಲೋಹಗಳನ್ನು ಹಿಡಿಯುವ ಯಂತ್ರ. ಉದ್ಘಾಟನೆಯಾಯಿತು, ಫೋಟೋ ಬಂತು. ಅದಕ್ಕೆ ಒಂದೊಂದು ಧಾತುವಿಗೂ ಒಂದೊಂದು ದೀಪ ಬೇಕು. ಉರಿಸಲು ಅಸಿಟಿಲೀನ್ ಸಿಲಿಂಡರ್ ಬೇಕು. ಯಂತ್ರ ಕೊಳ್ಳುವ ಲೆಕ್ಕ ಶೀರ್ಷಿಕೆಯಲ್ಲಿ ದುಡ್ಡಿತ್ತು, ಸಿಲಿಂಡರ್ ಕೊಳ್ಳುವ ಶೀರ್ಷಿಕೆಯಲ್ಲಿ ಇರಲಿಲ್ಲ. ಎರಡು ವರ್ಷ ಅದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿಟ್ಟಿದ್ದೆವು. ಹೊಸದಾಗಿ ಬಂದ ಹುಡುಗರು ಮೊದಲ ದಿನ ಆ ಬೆಡ್‌ಶೀಟ್ ಎತ್ತಿ ನೋಡಿ, ಮತ್ತೆ ಹೊದಿಸಿ, ನನ್ನ ಮುಖ ನೋಡುತ್ತಿದ್ದರು.

ಸಾರ್, ನಮ್ಮ ರಾಜ್ಯ ಯಾವಾಗಲೂ ಹೀಗಿರಲಿಲ್ಲ. ಇದು ನನಗೆ ಜಾಸ್ತಿ ಹೊಟ್ಟೆ ಉರಿಸುವ ವಿಷಯ.

1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆದು ಕೂರಿಸಿತು. ಆಮೇಲೆ ಅದೇ ಇಲಾಖೆಗೆ ಚಿಕ್ಕ ವಯಸ್ಸಿನಲ್ಲಿ ಸೇರಿದ ಬಿ.ಪಿ. ರಾಧಾಕೃಷ್ಣ ಕಲ್ಲು ಕಲ್ಲು ಸುತ್ತಿ, ಅಲ್ಲೇ ಬೆಳೆದು, ಅಲ್ಲೇ ನಿರ್ದೇಶಕರಾದರು. ಇಂಗ್ಲಿಷಿನಲ್ಲಿ ಬರೆದ ಹಾಗೆಯೇ ಕನ್ನಡದಲ್ಲೂ ಭೂವಿಜ್ಞಾನ ಬರೆದರು. ಇವತ್ತು ಆ ದಾರಿಯಲ್ಲಿ ಹೊರಟ ಹುಡುಗನಿಗೆ, "ನೀನೂ ಒಂದು ದಿನ ಈ ಇಲಾಖೆಯ ಮೇಲಿನ ಕುರ್ಚಿಯಲ್ಲಿ ಕೂರಬಹುದು" ಅಂತ ನಾನು ಹೇಳಲಾರೆ. ಸುಳ್ಳು ಹೇಳಿದ ಹಾಗಾಗುತ್ತದೆ.

ಕೋಲ್ಮನ್ ಅವರ ಕಥೆ ಇನ್ನೂ ಚೆನ್ನಾಗಿದೆ. ಲೆಸ್ಲಿ ಕೋಲ್ಮನ್ ಕೆನಡಾದವರು. 1908ರಲ್ಲಿ ಮೈಸೂರಿಗೆ ಬಂದಾಗ ವಯಸ್ಸು 30. ಶಿಲೀಂಧ್ರ ಮತ್ತು ಕೀಟಗಳ ತಜ್ಞ ಅಂತ ಹುದ್ದೆ. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗ ತಿನ್ನುತ್ತಿತ್ತು. ಮಳೆ ಹಿಡಿದರೆ ಎಳೆ ಕಾಯಿ ಕೊಳೆತು ತೊಪತೊಪ ಉದುರುತ್ತಿತ್ತು. ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದು ಬಿಟ್ಟರೆ ರೈತರಿಗೆ ಬೇರೆ ದಾರಿ ಇರಲಿಲ್ಲ. ಈ ಯುವಕ ರೋಗದ ಮೂಲ ಹುಡುಕಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೆ ರೋಗ ನಿಲ್ಲುತ್ತದೆ ಅಂತ ತೋರಿಸಿದರು. ಇವತ್ತಿಗೂ ಮಳೆಗಾಲ ಬಂತೆಂದರೆ ತೀರ್ಥಹಳ್ಳಿಯಿಂದ ಪುತ್ತೂರಿನ ತನಕ ಡ್ರಮ್ಮಿನಲ್ಲಿ ಅದನ್ನೇ ಕಲಸುತ್ತಾರೆ. ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನೆ ಕೇಂದ್ರ, ಹೀಗೆ ಒಂದೊಂದೇ ಕಟ್ಟುತ್ತಾ 1934ರ ತನಕ ಇಲ್ಲೇ ಇದ್ದರು. 25 ವರ್ಷಕ್ಕೂ ಜಾಸ್ತಿ.

ಯೋಚಿಸಿ. ಆ 30ರ ಯುವಕನನ್ನು ಒಂದು ಏಜೆನ್ಸಿ ಮೂಲಕ ತೆಗೆದುಕೊಂಡು, ಮಾರ್ಚ್ 31ಕ್ಕೆ ಟೆಂಡರ್ ಮುಗಿಯಿತು ಅಂದಿದ್ದರೆ? ಸಂಸ್ಥಾನ ಅವರಿಗೆ ಒಂದು ಪ್ರಶ್ನೆ ಕೊಟ್ಟಿತು, ಸಮಯ ಕೊಟ್ಟಿತು, ಮೇಲೆ ಹತ್ತಲು ಮೆಟ್ಟಿಲು ಕೊಟ್ಟಿತು.

ಸಂಸ್ಥಾನದ ಕಾಲದ ದೊರೆಗಳು ಕರೆಸಿದ ಪರದೇಶದವರ ಮಾತು ಬೇಡ ಅಂದರೆ ನಮ್ಮ ರಾಗಿ ಲಕ್ಷ್ಮಣಯ್ಯನವರನ್ನೇ ತೆಗೆದುಕೊಳ್ಳಿ. ಅವರು ಕೆಲಸ ಮಾಡಿದ್ದು ಮಂಡ್ಯದ ಕೃಷಿ ಸಂಶೋಧನೆ ಕೇಂದ್ರ ವಿ.ಸಿ. ಫಾರಂನಲ್ಲಿ. ರಾಗಿ ಹೂವು ಎಷ್ಟು ಚಿಕ್ಕದು ಅಂದರೆ ಹೂವು ಅಂತಲೇ ಗೊತ್ತಾಗುವುದಿಲ್ಲ. ಅದು ಬೆಳಕು ಹರಿಯುವ ಮುಂಚೆಯೇ ಅರಳಿ ಮುಗಿಸುತ್ತದೆ. ಅಂಥದ್ದನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ನಮ್ಮ ತಟ್ಟೆಯ ಮುದ್ದೆ ದೊಡ್ಡದಾಯಿತು. ಹತ್ತರಿಂದ ಐದೂವರೆ ಆಫೀಸು ಮಾಡಿ ಆಗುವ ಕೆಲಸವಲ್ಲ ಅದು. ಹಾಜರಿ ಪುಸ್ತಕ ನೋಡಿ ಅಳೆಯುವ ಕೆಲಸವೂ ಅಲ್ಲ.

ಈಗ ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ಪತ್ರ ಇದಕ್ಕಾಗಿಯೇ ಅಂದುಕೊಳ್ಳಿ.

ಸಿವಿಲ್ ಎಂಜಿನಿಯರ್ ಒಬ್ಬ ಎಇ, ಅಂದರೆ ಸಹಾಯಕ ಎಂಜಿನಿಯರ್ ಆಗಿ ಸೇರಿದರೆ ಮುಖ್ಯ ಎಂಜಿನಿಯರ್ ತನಕ ಎಇಇ, ಇಇ, ಎಸ್‌ಇ, ಸಿಇ ಅಂತ ಮೆಟ್ಟಿಲುಗಳು ಕಾಣುತ್ತವೆ. ಎಲ್ಲರೂ ಹತ್ತುವುದಿಲ್ಲ, ಆದರೆ ಮೆಟ್ಟಿಲು ಇದೆ. ಡಾಕ್ಟರಿಗೂ ಇದೆ. ನನಗೆ ಇದ್ದದ್ದು ಒಂದು ಕುರ್ಚಿ. ಮೇಲಿನ ಹುದ್ದೆಗಳು ರಾಜ್ಯಕ್ಕೆ ಬೆರಳೆಣಿಕೆ. ಅದರಲ್ಲಿ ಕೂತವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರು ನಿವೃತ್ತರಾದಾಗ ನನ್ನ ಬಡ್ತಿಯ ಫೈಲು ಹೊರಟಿತು. ಅದು ಬರುವಷ್ಟರಲ್ಲಿ ನಾನು ನಿವೃತ್ತನಾದೆ. ನಡುವೆ ಕಾಲಮಿತಿ ಬಡ್ತಿ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಸಂಬಳ ಏರಿತು, ಕೆಲಸ ಅದೇ, ಬೋರ್ಡಿನ ಮೇಲಿನ ಹೆಸರೂ ಅದೇ. 24ರ ವಯಸ್ಸಿನಲ್ಲಿ ಹಾಕಿದ ಸಹಿಯನ್ನೇ 60ಕ್ಕೂ ಹಾಕುವುದಾದರೆ ಯಾವ ಚುರುಕು ಹುಡುಗಿ ಬರುತ್ತಾಳೆ?

ಇದಕ್ಕೆ ಮದ್ದು ಹುಡುಕಿಕೊಂಡು ಸಿಂಗಪುರಕ್ಕೆ ತಂಡ ಕಳಿಸಬೇಕಿಲ್ಲ. ಬೆಂಗಳೂರಿನಲ್ಲೇ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ ಇಳಿದಾಗ ಪೀಣ್ಯದ ಆ ಕೋಣೆಯಲ್ಲಿ ಕೂತು ಚಪ್ಪಾಳೆ ತಟ್ಟಿದವರೆಲ್ಲ ಯಾರು? ಸರ್ಕಾರಿ ನೌಕರರೇ ಅಲ್ವಾ? ಅವರಿಗೂ ಇರುವುದು ವೇತನ ಆಯೋಗದ ಸಂಬಳವೇ. ಹೊಸದಾಗಿ ಸೇರಿದ ವಿಜ್ಞಾನಿಯ ಮೂಲ ವೇತನ 56,100. ಸಾಫ್ಟ್‌ವೇರ್ ಕಂಪನಿಯವರು ನಗುವ ಸಂಬಳ. ಆದರೂ ಅಲ್ಲಿಗೆ ಹೋಗಲು ಹುಡುಗರು ಸಾಯುತ್ತಾರೆ.

ಚಂದ್ರನ ಆಕರ್ಷಣೆ ಒಂದು ಕಾರಣ ಇರಬಹುದು. ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳದ್ದು, ಅಲ್ಲಿನ ಬಡ್ತಿಯ ನಿಯಮ. ಇಸ್ರೋದಲ್ಲಿ, ಡಿಆರ್‌ಡಿಒದಲ್ಲಿ, ಅಣುಶಕ್ತಿ ಇಲಾಖೆಯಲ್ಲಿ ವಿಜ್ಞಾನಿಗೆ ಬಡ್ತಿ ಸಿಗಲು ಮೇಲಿನ ಕುರ್ಚಿ ಖಾಲಿಯಾಗಬೇಕಿಲ್ಲ. ಇಷ್ಟು ವರ್ಷ ಅಂತ ಮುಗಿದ ಮೇಲೆ ಅವರ ಕೆಲಸ ನೋಡುತ್ತಾರೆ, ಎದುರು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಪಾಸಾದರೆ ಅವರು ಕೂತ ಹುದ್ದೆಯೇ ಅವರ ಜೊತೆ ಮೇಲಕ್ಕೆ ಏರುತ್ತದೆ. ಅವರು ಬಿಟ್ಟ ಮೇಲೆ ಅದು ಮತ್ತೆ ಕೆಳಗಿಳಿಯುತ್ತದೆ. ಹೊಸ ಹುದ್ದೆ ಸೃಷ್ಟಿ ಇಲ್ಲ, ಯಾರ ಜ್ಯೇಷ್ಠತೆಗೂ ಧಕ್ಕೆ ಇಲ್ಲ. ಪಾಸಾಗದಿದ್ದರೆ ಇದ್ದಲ್ಲೇ ಇರುತ್ತಾರೆ, ಮುಂದಿನ ಸಲ ನೋಡೋಣ. ಮೈಗಳ್ಳರಿಗೆ ಇದು ಹಬ್ಬವೇನಲ್ಲ.

ನಮ್ಮ ರಾಜ್ಯದ ನೇಮಕಾತಿ, ಬಡ್ತಿಯ ಸಿ ಅಂಡ್ ಆರ್ ರೂಲ್ಸ್‌ನಲ್ಲಿ ಈ ಮಾತನ್ನು ಸೇರಿಸಲು ಎಷ್ಟು ಪುಟ ಬೇಕು? ಸಿಬ್ಬಂದಿ ನಿಯಮ ನೋಡುವ ಡಿಪಿಎಆರ್‌ನ ಒಬ್ಬ ಚುರುಕು ಸೆಕ್ಷನ್ ಆಫೀಸರ್ ಒಂದು ವಾರದಲ್ಲಿ ಟಿಪ್ಪಣಿ ಹಾಕಬಲ್ಲರು. ಹಣಕಾಸು ಇಲಾಖೆ ಒಂದು ಪ್ರಶ್ನೆ ಕೇಳುತ್ತದೆ, ಕೇಳಲಿ.

ಇದರ ಜೊತೆಗೇ ಇನ್ನೊಂದು. ಈಗ ನೀರಿನ ಕೆಮಿಸ್ಟ್ ಒಂದು ಇಲಾಖೆ, ಆಹಾರ ಪರೀಕ್ಷೆ ಮಾಡುವವರು ಇನ್ನೊಂದು, ಮಣ್ಣು ಪರೀಕ್ಷೆ ಕೃಷಿ ಇಲಾಖೆ, ಮಾಲಿನ್ಯ ಮಂಡಳಿ ಬೇರೆ, ಮಡಿವಾಳದ ವಿಧಿವಿಜ್ಞಾನ ಲ್ಯಾಬ್ ಗೃಹ ಇಲಾಖೆ. ಎಲ್ಲರೂ ಹಿಡಿಯುವುದು ಅದೇ ಪಿಪೆಟ್ಟು. ಒಂದೊಂದು ಕಡೆ ಹತ್ತಿಪ್ಪತ್ತು ಜನ ಇದ್ದರೆ ಯಾವ ಮೆಟ್ಟಿಲೂ ಕಟ್ಟಲು ಬರುವುದಿಲ್ಲ. ಎಲ್ಲರನ್ನೂ ಸೇರಿಸಿ ಒಂದೇ ವೃಂದ ಮಾಡಿ. ಐದು ವರ್ಷ ನೀರು ನೋಡಿದ ಹುಡುಗಿ ಆಮೇಲೆ ಹಾಲು ನೋಡಲಿ, ಆಮೇಲೆ ವಿಷ ನೋಡಲಿ. ಬೇಸರವೂ ಆಗುವುದಿಲ್ಲ, ಕೈಯೂ ಪಳಗುತ್ತದೆ.

ಇದಕ್ಕೆ ಕಾಲ ಕೂಡ ಒತ್ತಿ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಏರ್ಪಾಡು ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಐದು ವರ್ಷ ಅಂದರೆ ನಮ್ಮಲ್ಲಿ ಒಂದು ನೇಮಕಾತಿ ಮುಗಿಯುವಷ್ಟು ಕಾಲ. ಅದೂ ಕೋರ್ಟಿಗೆ ಹೋಗದಿದ್ದರೆ.

ಮಲೆನಾಡಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು ಇವತ್ತಿಗೂ ಚಳಿ ಮುಗಿಯುವ ಹೊತ್ತಿಗೆ ಜನರನ್ನು ಒಯ್ಯುತ್ತದೆ. ಜ್ವರಕ್ಕೆ ಡಾಕ್ಟರ್ ಇದ್ದಾರೆ. ಯಾವ ಕಾಡಿನಲ್ಲಿ ಯಾವ ತಿಂಗಳು ಉಣುಗು ಹೆಚ್ಚುತ್ತದೆ ಅಂತ ಇಪ್ಪತ್ತು ವರ್ಷ ಅದರ ಹಿಂದೆಯೇ ಬೀಳುವವರು ಬೇಕು. (ಉಣುಗು ಕೀಟವಲ್ಲ, ಜೇಡದ ದಾಯಾದಿ. ಸರ್ಕಾರಿ ಸುತ್ತೋಲೆಯಲ್ಲಿ ಇದನ್ನು ತಿದ್ದಲಾದರೂ ಒಬ್ಬರು ಬೇಕಲ್ಲ.) 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ನಲ್ಲಿ ನೀರು ಕುಡಿದು ಸತ್ತರು. ಇಂಥದ್ದಾದಾಗ ಮೊದಲು ಕೇಳುವುದು "ರಿಪೋರ್ಟ್ ಎಲ್ಲಿ?" ಅಂತ. ಆಮೇಲೆ ಸಸ್ಪೆಂಡ್. ರಿಪೋರ್ಟ್ ಬರೆಯಬೇಕಾದವರ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇದೆ ಅಂತ ಕೇಳುವವರನ್ನು ನಾನು ಯಾವ ಸಭೆಯಲ್ಲೂ ನೋಡಿಲ್ಲ.

ನೇಮಕಾತಿ ಪರೀಕ್ಷೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ಆ ಸಲವೂ ಅನುವಾದದ ದೂರು ಬಂತು. ಕೆಎಎಸ್‌ಗೇ ಹೀಗಾದರೆ, ಕೆಮಿಸ್ಟ್ ಹುದ್ದೆಯ ಪ್ರಶ್ನೆಪತ್ರಿಕೆಯ ಗತಿ ಏನು? ನನ್ನ ಬೇಡಿಕೆ ಒಂದೇ: ಪ್ರತಿ ವರ್ಷ ಒಂದೇ ತಿಂಗಳಲ್ಲಿ ಪರೀಕ್ಷೆ ಆಗಲಿ. 20 ಹುದ್ದೆ ಇದ್ದರೆ 20ಕ್ಕೇ ಆಗಲಿ. ಎಂಟು ವರ್ಷ ಸುಮ್ನೆ ಕೂತು ಒಮ್ಮೆಲೇ 300 ಕರೆಯಬೇಡಿ. ಎಂಎಸ್ಸಿ ಮೊದಲ ವರ್ಷದ ಹುಡುಗಿಗೆ, ಮುಂದಿನ ಜೂನ್‌ನಲ್ಲಿ ಪರೀಕ್ಷೆ ಇದೆ ಅಂತ ಗೊತ್ತಿದ್ದರೆ ಓದುತ್ತಾಳೆ. ಗೊತ್ತಿಲ್ಲದಿದ್ದರೆ ಪಹಣಿ ಓದುತ್ತಾಳೆ.

ಇನ್ನು, ವಿಧಾನಸೌಧದಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಎಷ್ಟು ದೂರ? ಟ್ರಾಫಿಕ್ ಇಲ್ಲದಿದ್ದರೆ ಇಪ್ಪತ್ತು ನಿಮಿಷ. ಆ ಸಂಸ್ಥೆಗೆ 371 ಎಕರೆ ಕೊಟ್ಟದ್ದು ಮೈಸೂರು ಸಂಸ್ಥಾನ. ಅಲ್ಲಿ ಪಿಎಚ್‌ಡಿ ಮಾಡುವ ಹುಡುಗರನ್ನು ಆರು ತಿಂಗಳು ಒಂದು ತಾಲ್ಲೂಕಿಗೆ ಕಳಿಸಿ. ಜಿಲ್ಲಾ ಪಂಚಾಯಿತಿಯ ಒಂದು ಪ್ರಶ್ನೆ ಕೊಡಿ, ಇರಲು ಒಂದು ರೂಮು ಕೊಡಿ. ಎಲ್ಲರೂ ಉಳಿಯುವುದಿಲ್ಲ. ಉಳಿಯಬೇಕಿಲ್ಲ. ನೂರರಲ್ಲಿ ನಾಲ್ಕು ಜನಕ್ಕೆ ಆ ಶಾಲೆಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದದ್ದು ಮರೆಯದಿದ್ದರೆ ಸಾಕು.

ಮಾಡಿದ ಕೆಲಸದ ಮೇಲೆ ಅವರ ಹೆಸರು ಇರಲಿ, ಇದೂ ಮುಖ್ಯ. ನಾನು ಸಹಿ ಹಾಕಿದ ರಿಪೋರ್ಟುಗಳು ಸಾವಿರಾರು. ಅವುಗಳಲ್ಲಿ ಇರುವುದು "ಕುಡಿಯಲು ಯೋಗ್ಯ" ಅಥವಾ "ಯೋಗ್ಯವಲ್ಲ" ಅಷ್ಟೆ. ಆ ಹುಡುಗಿಯ ನಕ್ಷೆಯನ್ನು ಅವಳ ಹೆಸರಿನಲ್ಲಿ ಅಚ್ಚು ಹಾಕಿಸಿ ಒಂದೊಂದು ಪಂಚಾಯಿತಿಗೆ ಕಳಿಸಿದ್ದರೆ, ಕಡಿಮೆ ಸಂಬಳಕ್ಕೂ ಇನ್ನೂ ಎರಡು ವರ್ಷ ಇರುತ್ತಿದ್ದಳೋ ಏನೋ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಕೆಮಿಸ್ಟ್‌ಗೆ ಕೊನೆಯ ಸಾಲಿನ ಕುರ್ಚಿ. ಮೈಕು ಅಲ್ಲಿಗೆ ಬರುವಷ್ಟರಲ್ಲಿ ಊಟದ ಹೊತ್ತು. ಇದಕ್ಕೆ ಆದೇಶ ಬೇಕಿಲ್ಲ. ಜಿಲ್ಲಾ ಪಂಚಾಯಿತಿಯ ಸಿಇಒ ಒಬ್ಬರು ಮನಸ್ಸು ಮಾಡಿ, "ಮೊದಲು ನೀರು ಹೇಳ್ರಿ" ಅಂದರೆ ಆಯಿತು.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಎಂಜಿನಿಯರ್ ಹುಡುಗ ಫೋನ್ ಮಾಡಿದ. "ಸಾರ್, ಒಂದು ಊರಿನ ಬೋರಿನ ಫ್ಲೋರೈಡ್ ರಿಪೋರ್ಟ್ 0.9 ಬಂದಿದೆ. ಯೋಗ್ಯ ಅಂತ ಸೈನ್ ಹಾಕಲಾ?" ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಆ ಬೋರಿನಲ್ಲಿ ಏಪ್ರಿಲ್‌ನಲ್ಲಿ 2ಕ್ಕಿಂತ ಕಡಿಮೆ ನಾನು ಒಮ್ಮೆಯೂ ಕಂಡಿಲ್ಲ. ಯಾರೋ ಬೇರೆ ನಲ್ಲಿಯ ನೀರು ತುಂಬಿಸಿದ್ದಾರೆ. "ಹಾಕಬೇಡ ಮಾರಾಯ. ನೀನೇ ಹೋಗಿ ನೀರು ತಾ" ಅಂದೆ. "ನಾಳೆ ಟ್ಯಾಂಕಿನ ಕೆಲಸದ್ದು ಅಳತೆ ಪುಸ್ತಕ ಬರೀಬೇಕು ಸಾರ್, ನಾಡಿದ್ದು ಸಭೆ" ಅಂದ. ಅವನದೇನು ತಪ್ಪು? ಮರುದಿನ ನಾನೇ ಎರಡು ಬಾಟಲಿ ತೊಳೆದು, ಬ್ಯಾಗಿಗೆ ಹಾಕಿಕೊಂಡು ಆರೂವರೆಯ ಬಸ್ಸು ಹತ್ತಿದೆ. ಬಂದದ್ದು 2.4.

ನನಗೆ ಈಗ ಮಂಡಿ ನೋವು. ಆ ಬಸ್ಸಿನ ಮೆಟ್ಟಿಲು ಎತ್ತರ. ನೋಟ್‌ಬುಕ್‌ಗಳು ಒಟ್ಟು 17 ಇವೆ, ಊರಿನ ಹೆಸರಿನ ಅಕ್ಷರ ಕ್ರಮದಲ್ಲಿ ಜೋಡಿಸಿಟ್ಟಿದ್ದೇನೆ. ನನ್ನ ಜಾಗಕ್ಕೆ ಬರುವವರು ಯಾರು ಅಂತ ಗೊತ್ತಾದ ದಿನ ಒಂದು ಮಾತು ತಿಳಿಸಿ. ಸಿಟಿಸಿ ಫಾರಂ ನಾನೇ ತರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕೆಮಿಸ್ಟ್

ಪ್ರತಿ: ಎಂಎಸ್ಸಿ ಓದುತ್ತಿರುವ ಎಲ್ಲ ಮಕ್ಕಳ ಮಾಹಿತಿಗಾಗಿ.